ಕೊಕ್ಕೆಯಿಲ್ಲದೆ ಕಳಿಸಿದ ಬಾನೆಟ್

ನನ್ನ ಕೆಲಸಕ್ಕೆ ಹೆಸರಿಡುವವನು ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಜಂಬ ಅಂದರೆ ಜಂಬವೇ, ಅದರಲ್ಲಿ ಮುಚ್ಚುಮರೆ ಏನು. ಇಪ್ಪತ್ತೆಂಟು ವರ್ಷ ಟಿಂಕರಿಂಗ್ ಮಾಡಿದವನು ನಾನು. ನಜ್ಜುಗುಜ್ಜಾದ ತಗಡನ್ನು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮೊದಲಿನ ಹಾಗೆ ಮಾಡುವುದು ನನ್ನ ಕಸುಬು. ಈಗಿನ ಕಾರುಗಳಿಗೆ ಅದು ಬೇಕಿಲ್ಲ. ಸ್ವಲ್ಪ ತಗುಲಿದರೂ ಕಳಚಿ ಎಸೆದು ಹೊಸದು ಹಾಕುತ್ತಾರೆ. ಹಾಗಾಗಿ ಹಳೆಯ ಕಾರು ಅಂದರೆ ನನಗೆ ಪ್ರಾಣ. ಆದರೆ ಒಂದು ಕಾರಿನ ವಿಷಯ ಮಾತ್ರ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಅದರಲ್ಲಿ ನನ್ನ ಹೆಂಡತಿ ಕೂತು ಹೋದಳು. ಅದು ಸರಿಯಿಲ್ಲ ಎಂದು ಗೊತ್ತಿದ್ದೂ ಅವಳನ್ನು ಕಳಿಸಿದವನು ನಾನು.

ಕಾರಿನ ಯಜಮಾನರು ಟಿ. ದಾಸರಹಳ್ಳಿಯ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಮೂರು ಕಟ್ಟಡ, ಕಟ್ಟಡದ ತುಂಬಾ ಫ್ಯಾಕ್ಟರಿ ಕೆಲಸದವರು. ನಾನೂ ನನ್ನ ಹೆಂಡತಿಯೂ ಅವರ ಮನೆಯಿಂದ ಎರಡು ರಸ್ತೆ ಈಚೆಗೆ ಇರುವವರು. ಹೊಲ ಹೋಗಿ, ಎತ್ತು ಹೋಗಿ, ಕೊಟ್ಟಿಗೆಯಲ್ಲಿ ಉಳಿದದ್ದು ತಂದೆಯ ಕಾರೊಂದೇ. ದುಂಡು ಮೂತಿಯ, ಈಗ ರಸ್ತೆಯಲ್ಲಿ ಅಪರೂಪಕ್ಕೆ ಕಾಣುವ ಜಾತಿಯದು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಅದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು.

"ಮೇಸ್ತ್ರಿ, ಆಯುಧಪೂಜೆ ದಿವ್ಸ ಈ ಗಾಡಿ ನಮ್ ಮನೆ ಮುಂದೆ ನಿಂತಿರ್ಬೇಕು. ನಮ್ಮಪ್ಪ ಇದ್ದಾಗ ಎಂಗೆ ನಿಂತಿತ್ತೋ ಅಂಗೆ," ಎಂದರು.

"ಆಗುತ್ತೆ ಯಜಮಾನ್ರೇ, ಯೋಚ್ನೆ ಬಿಡಿ," ಎಂದೆ. ಹಿಂದೆ ಮುಂದೆ ನೋಡದೆ ಮಾತು ಕೊಟ್ಟುಬಿಡುವುದು ನನ್ನ ಹುಟ್ಟುಗುಣ.

ಇಂಜಿನ್ ಕೆಲಸವನ್ನು ಬೇರೊಬ್ಬ ಮೆಕ್ಯಾನಿಕ್ ಮಾಡಿದ. ಬಾಡಿ ನನ್ನದು, ಪೇಂಟು ಪಕ್ಕದ ಶೆಡ್ಡಿನವನದು. ಕೆಳಗಿನ ತಗಡು, ಬಾಗಿಲು, ಡಿಕ್ಕಿ ಎಲ್ಲವೂ ಮುಗಿದು ಕೊನೆಗೆ ಉಳಿದದ್ದು ಬಾನೆಟ್. ಇದ್ದದ್ದು ತುಕ್ಕು ತಿಂದು ಜರಡಿಯಾಗಿತ್ತು. ಗುಜರಿಯಲ್ಲಿ ಹುಡುಕಿ ಅದೇ ಜಾತಿಯ ಇನ್ನೊಂದು ಕಾರಿನ ಬಾನೆಟ್ ತಂದೆ. ಶನಿ ನನ್ನ ಹೆಗಲೇರಿದ್ದು ಅವತ್ತೇ.

ಆ ಕಾಲದ ಕಾರುಗಳನ್ನು ಅರ್ಧಕ್ಕರ್ಧ ಕೈಯಲ್ಲೇ ತಟ್ಟಿ ಕೂರಿಸುತ್ತಿದ್ದರು. ಒಂದರ ಬಾನೆಟ್ ಇನ್ನೊಂದಕ್ಕೆ ಸುಮ್ಮನೆ ಕೂರುವುದಿಲ್ಲ. ಹಿಂದೆ, ಮುಂದಿನ ಗಾಜಿನ ಹತ್ತಿರ, ಬಾನೆಟ್ ತೆರೆದು ಮುಚ್ಚುವ ಎರಡು ಹಿಂಜು. ಅವುಗಳ ಬೋಲ್ಟಿನ ತೂತು ಉದ್ದುದ್ದ ಇರುತ್ತದೆ, ಆಚೆ ಈಚೆ ಸರಿಸಲಿಕ್ಕೆ. ಎಡಗಡೆ ಕೂದಲೆಳೆಯಷ್ಟು ಮುಂದೆ ತಂದರೆ ಬಲಗಡೆ ಮೂಲೆ ಮಡ್ಗಾರ್ಡಿಗೆ ಉಜ್ಜುತ್ತದೆ. ಹಿಂದೆ ಒಂದು ವಾಷರ್ ಕೊಟ್ಟು ಎತ್ತಿದರೆ ಮೂತಿ ಕೆಳಗಾಗುತ್ತದೆ. ಸುತ್ತಲೂ ಸಂದು ಒಂದೇ ಸಮ ಇರಬೇಕು. ನನ್ನ ಅಳತೆ ಎರಡು ಬೆಂಕಿಕಡ್ಡಿ. ಅವೆರಡನ್ನು ಜೋಡಿಸಿ ಹಿಡಿದು ಸಂದಿನಲ್ಲಿ ಎಳೆದರೆ ಎಲ್ಲೂ ತಡೆಯಬಾರದು, ಎಲ್ಲೂ ಜೋಲಬಾರದು.

ನಾನೂ ಪೇಂಟರೂ ಆ ಬಾನೆಟ್ಟನ್ನು ಎಷ್ಟು ಸಲ ಎತ್ತಿದೆವೋ ಇಳಿಸಿದೆವೋ ಲೆಕ್ಕವಿಲ್ಲ. ಅಂಚುಗಳಿಗೆ ಟೇಪು ಸುತ್ತಿ, ಅವನು ಒಂದು ಮಗ್ಗುಲು, ನಾನು ಒಂದು ಮಗ್ಗುಲು. ಬೋಲ್ಟ್ ಅರ್ಧ ಬಿಗಿ ಮಾಡು, ಮೆಲ್ಲಗೆ ಮುಚ್ಚು, ಬಗ್ಗಿ ನೋಡು, ಬಯ್ಯಿ, ಮತ್ತೆ ತೆಗೆ. ಬೈಗುಳವೆಲ್ಲ ನನ್ನದೇ. "ಏನ್ ಗುರು, ಸಾಲಿಗ್ರಾಮ ಕೂರಿಸ್ತಿದ್ದೀಯಾ? ಇಷ್ಟು ಸಾಕು ಬಿಡು," ಎನ್ನುತ್ತಿದ್ದ ಅವನು. ಸಾಕು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಐದನೆಯ ದಿನಕ್ಕೆ ಮೂರು ಕಡೆ ಸರಿಹೋಯಿತು. ಮೂತಿಯ ಎಡಗಡೆ ಮಾತ್ರ ಒಂದು ಕಡ್ಡಿಯಷ್ಟು ಎದ್ದು ನಿಂತಿತ್ತು, ಏನು ಮಾಡಿದರೂ ಕೂರಲಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಕಾರಣ ಸಿಕ್ಕಿತು. ಬಾನೆಟ್ಟಿಗೆ ಎರಡು ಹಿಡಿತ ಇರುತ್ತವೆ. ಒಂದು ಮೇನ್ ಲಾಕು, ಮುಚ್ಚಿದಾಗ ಬಾನೆಟ್ಟಿನ ಪಿನ್ನನ್ನು ಕಚ್ಚುವುದು. ಇನ್ನೊಂದು ಅದರ ಪಕ್ಕದಲ್ಲಿ ಒಂದು ಕೊಕ್ಕೆ. ಮೇನ್ ಲಾಕು ಏನಾದರೂ ಬಿಟ್ಟುಕೊಟ್ಟರೆ ಬಾನೆಟ್ ಎರಡು ಬೆರಳು ಎದ್ದು ಆ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಕೊಕ್ಕೆ ಇಲ್ಲದಿದ್ದರೆ ನಿಲ್ಲುವುದಿಲ್ಲ. ಎದುರುಗಾಳಿ ಒಳಗೆ ನುಗ್ಗಿ ಬಾನೆಟ್ಟನ್ನು ಎತ್ತಿ ಗಾಜಿಗೆ ಬಡಿಯುತ್ತದೆ. ಗುಜರಿಯ ಬಾನೆಟ್ಟಿನ ಕೊಕ್ಕೆ ಒಂಚೂರು ಸೊಟ್ಟಗಿತ್ತು, ಅದೇ ಒಳಗಿನಿಂದ ಮೂತಿಯನ್ನು ಎತ್ತುತ್ತಿತ್ತು. ಎರಡು ಬೋಲ್ಟ್ ಬಿಚ್ಚಿ ಕೊಕ್ಕೆ ತೆಗೆದೆ. ಬಾನೆಟ್ ಮುಚ್ಚಿದೆ. ಅಬ್ಬಾ! ಹಾಲಿನ ಮೇಲೆ ಕೆನೆ ಕೂತ ಹಾಗೆ ಕೂತಿತು.

ಪೇಂಟರ್ ಊರಿಗೆ ಹೊರಟಿದ್ದ. ಚೀಲ ಹೆಗಲಿಗೆ ಹಾಕಿಕೊಂಡು ಬಂದು ನೋಡಿ, ಕೊಕ್ಕೆ ನನ್ನ ಕೈಯಲ್ಲಿರುವುದನ್ನೂ ನೋಡಿದ.

"ಅಣ್ಣಾ, ಅದನ್ನ ಹಾಕ್ದೆ ಗಾಡಿ ಬಿಡ್ಬೇಡ. ಆ ಮೇನ್ ಲಾಕ್ ಮೇಲೆ ನಂಗೆ ನಂಬ್ಕೆ ಇಲ್ಲ."

"ನಂಗೇ ಕೆಲ್ಸ ಹೇಳ್ಕೊಡ್ತೀಯೇನೋ? ಬೆಳಿಗ್ಗೆ ವೈಸಿಗೆ ಹಾಕಿ ಬಗ್ಗಿಸಿ ಕೂರಿಸ್ತೀನಿ, ಹೋಗು ನೀನು," ಎಂದು ಗದರಿ ಕಳಿಸಿದೆ. ಕೊಕ್ಕೆಯನ್ನು ಸ್ಪ್ಯಾನರ್‌ಗಳ ತಟ್ಟೆಯಲ್ಲಿ ಇಟ್ಟೆ.

ಬೆಳಿಗ್ಗೆ ನಾನು ಹೂವಿಗೂ ಬೂದುಗುಂಬಳಕ್ಕೂ ಹೋದೆ. ತುಮಕೂರು ರಸ್ತೆಯ ಉದ್ದಕ್ಕೂ ಲಾರಿ ನಿಲ್ಲಿಸಿಕೊಂಡು ಮಾರುತ್ತಿದ್ದರು, ಆ ಜನಜಂಗುಳಿಯಲ್ಲಿ ಹೊತ್ತು ಹೋಯಿತು. ಶೆಡ್ಡಿಗೆ ಬರುವಷ್ಟರಲ್ಲಿ ಹೆಂಡತಿ ಮೊದಲೇ ಬಂದು ನೆಲ ತೊಳೆದು, ರಂಗೋಲಿ ಹಾಕಿ, ದೇವರ ಪಟದ ಮುಂದೆ ನನ್ನ ಸಾಮಾನನ್ನೆಲ್ಲ ಜೋಡಿಸಿದ್ದಳು. ಸುತ್ತಿಗೆ, ತಟ್ಟುವಾಗ ತಗಡಿನ ಹಿಂದೆ ಒತ್ತಿ ಹಿಡಿಯುವ ಡಾಲಿ, ಸ್ಪ್ಯಾನರ್, ಗ್ರೈಂಡರ್. ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಒಂದೊಂದು ಹೂವು. ತಟ್ಟೆಯಲ್ಲಿದ್ದ ಕೊಕ್ಕೆಗೂ ಕುಂಕುಮ ಬಿದ್ದಿತ್ತು. ಅದು ಸಾಮಾನೋ ಕಾರಿನ ಭಾಗವೋ ಅವಳಿಗೇನು ಗೊತ್ತು.

ನಮ್ಮಲ್ಲಿ ಪೂಜೆಗಿಟ್ಟ ಸಾಮಾನನ್ನು ಅವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ ಪೂಜೆ ಕದಲಿಸಿ, ಕಣ್ಣಿಗೊತ್ತಿಕೊಂಡು ತೆಗೆಯಬೇಕು. ನಮ್ಮಪ್ಪ ಬಾಗಿಲ ಸ್ಕ್ರೂ ಸಡಿಲವಾಗಿ ನೇತಾಡುತ್ತಿದ್ದರೂ ಆ ದಿನ ಸ್ಕ್ರೂಡ್ರೈವರ್ ಹಿಡಿದವರಲ್ಲ. ಆದರೆ ಇನ್ನೂ ಮಂಗಳಾರತಿ ಆಗಿರಲಿಲ್ಲವಲ್ಲ. ಆಗ ಕೈ ಹಾಕಬಹುದಿತ್ತು. "ಲೇ, ಹತ್ತು ನಿಮಿಷ ತಡಿ, ಒಂದು ಕೆಲಸ ಉಳಿದಿದೆ" ಎಂದಿದ್ದರೆ ಅವಳು ಎರಡು ಮಾತು ಗೊಣಗಿ ಸುಮ್ಮನಾಗುತ್ತಿದ್ದಳು. ನಾನು ಹೋಗಿ ಬಾನೆಟ್ಟನ್ನು ನೋಡಿದೆ. ಬೆಂಕಿಕಡ್ಡಿ ಎಳೆದೆ, ಸುತ್ತಲೂ ಸರಾಗವಾಗಿ ಓಡಿತು. ಕೊಕ್ಕೆ ಹಾಕಿದರೆ ಮತ್ತೆ ಮೂತಿ ಎದ್ದರೆ? ಯಜಮಾನರು ಬರುವ ಹೊತ್ತಿಗೆ ಬಾನೆಟ್ ಸೊಟ್ಟ ಕಂಡರೆ? ಒಂದು ದಿನ ತಾನೇ, ಇಲ್ಲಿಂದ ದಾಸರಹಳ್ಳಿಗೆ ಎಷ್ಟು ದೂರ, ನಾಳೆ ಅವರ ಮನೆಗೇ ಹೋಗಿ ಹಾಕಿಬಂದರಾಯಿತು ಎಂದುಕೊಂಡೆ. ಮೇನ್ ಲಾಕು ಇತ್ತಲ್ಲ. ಆರತಿ ಬೆಳಗಿ, ಬೂದುಗುಂಬಳ ಒಡೆದು ಕೈ ಮುಗಿದೆ.

ಹನ್ನೆರಡು ಗಂಟೆಗೆ ಯಜಮಾನರು ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ದಪ್ಪ ಗಾಜಿನ ಕನ್ನಡಕ. ಕಾರಿನ ಸುತ್ತ ಎರಡು ಸಲ ಬಂದರು. ಬಾನೆಟ್ಟಿನ ಮೇಲೆ ಬೆರಳಿಟ್ಟು ಸಂದಿನ ಗುಂಟ ಎಳೆದುಕೊಂಡು ಹೋದರು. ಕಣ್ಣಲ್ಲಿ ನೀರು ಬಂತು.

"ನಮ್ಮಪ್ಪನ್ನೇ ಕರ್ಕೊಂಡ್ ಬಂದ್ಬುಟ್ಟೆ ಕಣಪ್ಪಾ," ಎಂದರು.

ಆಗ ನನಗಾದ ಸಂತೋಷ ಸುಳ್ಳಲ್ಲ. ಅದರ ಜೊತೆಗೇ ಎದೆಯಲ್ಲಿ ಏನೋ ಚುಚ್ಚಿದ್ದೂ ಸುಳ್ಳಲ್ಲ.

ಅವರು ಮನೆಯಿಂದಲೇ ಎರಡು ಬಾಳೆಕಂದು, ತೋಳು ದಪ್ಪದ ಚೆಂಡುಹೂವಿನ ಹಾರ ತಂದಿದ್ದರು. ಬಾಳೆಕಂದನ್ನು ಬಂಪರಿಗೆ ಕಟ್ಟಿದರು. ಹಾರವನ್ನು ಮೂತಿಯ ಮೇಲೆ ಹಾಸಿದರೆ ಅದು ಜಾರಿ ಜಾರಿ ಬೀಳುತ್ತಿತ್ತು. ಲೈಟಿಗೆ ಕಟ್ಟೋಣ ಅಂತ ನಾನು ಹಗ್ಗ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಲಾಕು ಬಿಡಿಸಿ ಬಾನೆಟ್ಟನ್ನು ಒಂದು ಗೇಣು ಎತ್ತಿ, ಹಾರದ ದಾರವನ್ನು ಒಳಕ್ಕೆ ಇಳಿಬಿಟ್ಟು, ಮತ್ತೆ ಮುಚ್ಚಿದರು. ಮುಚ್ಚಿದ್ದು ಅಂದರೆ ಹೇಗೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ, ಎರಡು ಅಂಗೈಯಲ್ಲಿ ಒತ್ತಿ. ಹೊಸ ಪೇಂಟಿಗೆ ನೋವಾದೀತು ಅನ್ನುವ ಹಾಗೆ.

ಆ ಬಾನೆಟ್ ಸರಿಯಾಗಿ ಕಚ್ಚಿದಾಗ ಒಂದು ಶಬ್ದ ಬರುತ್ತದೆ. ಠಕ್ ಎಂದು, ಹೊಟ್ಟೆಯೊಳಗಿಂದ ಬಂದ ಹಾಗೆ. ಐದು ದಿನ ಅದನ್ನೇ ಕೇಳಿದವನು ನಾನು. ಅವತ್ತು ಬಂದದ್ದು ಆ ಶಬ್ದವಲ್ಲ. ಮೆತ್ತಗೆ, ಬಟ್ಟೆಯ ಮೇಲೆ ಬಿದ್ದ ಹಾಗೆ ಟಪ್ ಅಂದಿತು. ದಾರ ಲಾಕಿನ ಬಾಯಿಗೆ ಸಿಕ್ಕಿತ್ತು.

ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಪೊಲೀಸರಿಗೆ ಹೇಳಿದೆ, ಆಸ್ಪತ್ರೆಯಲ್ಲಿ ಹೇಳಿದೆ. ಆದರೆ ಕೇಳಿಸಿತು.

ಮುಂದೆ ಹೋಗಿ ಒತ್ತಿ ನೋಡಲು ಕೈ ಚಾಚಿದೆ. "ಅಯ್ಯೋ, ಆ ಎಣ್ಣೆ ಕೈ ಇಕ್ಬ್ಯಾಡ ಮಾರಾಯಾ, ಪಾಲಿಶ್ ಓಯ್ತದೆ!" ಎಂದು ಯಜಮಾನರು ನಗುತ್ತಾ ನನ್ನ ಕೈ ಹಿಡಿದು ಎಳೆದರು. ನಾನೂ ಹಲ್ಲು ಕಿರಿದು ಹಿಂದೆ ಸರಿದೆ. ಬೇರೆ ಯಾರಾದರೂ ನನ್ನ ಕೈ ಹಾಗೆ ತಳ್ಳಿದ್ದರೆ ಅವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಅವತ್ತು ನನ್ನ ಬಾಯಿ ಎಲ್ಲಿ ಹೋಗಿತ್ತೋ.

ಕಾರು ಹೊರಡುವಾಗ ಅವರು ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ಖಾಲಿ ಬುಟ್ಟಿ, ಆರತಿ ತಟ್ಟೆ ಹಿಡಿದುಕೊಂಡು ಬಸ್ಸಿಗೆ ಹೋಗಲು ಸಿದ್ಧವಾಗಿದ್ದಳು.

"ಬಾರವ್ವಾ, ಕೂತ್ಕೋ. ನಿಮ್ ಮನೆ ಮುಂದೇನೆ ಓಗದು ನಾವು. ಮೊದಲ್ನೇ ಸವಾರಿಗೆ ಮನೆ ಎಣ್ಮಗಳು ಕೂತಂಗಾಯ್ತದೆ."

ಅವಳ ಮುಖ ನೋಡಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಎಷ್ಟು ಕಾರು ರಿಪೇರಿ ಮಾಡಿದ್ದೇನೋ, ಒಂದರಲ್ಲೂ ಅವಳು ಕೂತಿರಲಿಲ್ಲ. ರಿಪೇರಿಯಾದ ಕಾರು ಯಾರದೋ ಮನೆಗೆ ಹೋಗುತ್ತಿತ್ತು, ಅವಳು ಬಸ್ಸಿಗೆ ಹೋಗುತ್ತಿದ್ದಳು. "ರೀ, ಹೋಗ್ಲಾ?" ಎಂದು ನನ್ನನ್ನು ಕೇಳಿದಳು. ಹಿಂದಿನ ಸೀಟಿನ ತುಂಬಾ ಯಜಮಾನರು ಹಬ್ಬಕ್ಕೆಂದು ಕೊಂಡು ತಂದು ಹಾಕಿದ್ದ ಬೂದುಗುಂಬಳ, ಕಡ್ಲೆಪುರಿ ಮೂಟೆ. ಕೂರುವುದಾದರೆ ಮುಂದೆಯೇ, ಗಾಜಿನ ಎದುರಿಗೇ ಕೂರಬೇಕು.

ಬೇಡ ಅನ್ನಬೇಕಿತ್ತು. ಕಾರಣ ಬೇಕಿರಲಿಲ್ಲ, ಗಂಡ ಬೇಡ ಅಂದರೆ ಅವಳು ಮುಖ ಊದಿಸಿಕೊಂಡು ಬಸ್ಸಿಗೇ ಹೋಗುತ್ತಿದ್ದಳು. ಆದರೆ ಯಜಮಾನರು ಯಾಕೆ ಅಂತ ಕೇಳುತ್ತಿದ್ದರು. ನನ್ನ ಕೆಲಸದಲ್ಲಿ ಕುಂದಿದೆ ಎಂದು, ಅಪ್ಪನನ್ನೇ ಕರೆದುಕೊಂಡು ಬಂದೆ ಎಂದವರ ಮುಂದೆ, ಹಬ್ಬದ ದಿನ, ಬಾಯಿ ಬಿಟ್ಟು ಹೇಳಬೇಕಾಗುತ್ತಿತ್ತು.

"ಹೋಗು," ಎಂದೆ. "ನಾನು ಶೆಡ್ ಮುಚ್ಚಿ ಬರ್ತೀನಿ."

ಅವಳು ಸೀರೆ ಸರಿಮಾಡಿಕೊಂಡು ಕೂತಳು. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಜಮಾನರು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ರಸ್ತೆಗೆ ಇಳಿದರು. ಕಾರು ತಿರುಗಿ ಹೋಗುವಾಗ ಬಾನೆಟ್ಟಿನ ಅಂಚು ಒಂದಿಷ್ಟು ಅದುರಿದ ಹಾಗೆ ಕಂಡಿತು, ಅಥವಾ ಬಾಳೆ ಎಲೆ ಅಲ್ಲಾಡಿತೋ.

ಶೆಡ್ಡಿನಲ್ಲಿ ಒಬ್ಬನೇ ನಿಂತೆ. ಸುತ್ತಮುತ್ತ ಯಾವ ಮೆಷಿನ್ನೂ ಓಡುತ್ತಿರಲಿಲ್ಲ. ಪೀಣ್ಯ ಅಷ್ಟು ಸುಮ್ಮನಿರುವುದು ವರ್ಷಕ್ಕೆ ಒಂದೋ ಎರಡೋ ದಿನ. ಕರ್ಪೂರದ ವಾಸನೆ ಇನ್ನೂ ಇತ್ತು. ಬೆಂಚಿನ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಒಳ ರಸ್ತೆಗಳಲ್ಲಿ ಹೋದರೆ ಏನೂ ಆಗುವುದಿಲ್ಲ, ಹಳ್ಳ ದಿಣ್ಣೆಯಲ್ಲಿ ಗಾಡಿ ತೆವಳಿಕೊಂಡೇ ಹೋಗಬೇಕು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ನೆನಪಾಯಿತು, ಅವತ್ತು ರಜೆ. ಬೆಳಗಿನ ಹೂವಿನ ವ್ಯಾಪಾರ ಮುಗಿದ ಮೇಲೆ ತುಮಕೂರು ರಸ್ತೆ ಖಾಲಿ ಇರುತ್ತದೆ. ಖಾಲಿ ರಸ್ತೆ ಸಿಕ್ಕರೆ ಯಜಮಾನರು ಗಾಡಿ ಬಿಟ್ಟು ನೋಡದೆ ಇರುತ್ತಾರೆಯೇ?

ಫೋನ್ ಮಾಡಿದೆ. ಹೆಂಡತಿ ತೆಗೆದಳು.

"ರೀ, ಸಿಗ್ನಲ್‌ನಲ್ಲಿ ನಿಂತಿದೀವಿ. ಎಲ್ಲಾರೂ ನಮ್ಮನ್ನೇ ನೋಡ್ತಿದಾರೆ ಕಣ್ರೀ! ಒಬ್ಬ ಫೋಟೋ ತಕ್ಕೊಂಡ. ನಮ್ಮೋರೇ ಮಾಡಿದ್ದು ಅಂತ ಕೂಗಿ ಹೇಳೋಣ ಅನ್ಸ್ತು."

ಅವಳು ಅಷ್ಟು ಖುಷಿಯಲ್ಲಿ ಮಾತಾಡಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಗಾಡಿ ನಿಂತಿತ್ತು. ಇಳಿದುಬಿಡು ಅಂದರೆ ಇಳಿಯಬಹುದಿತ್ತು. ಬಾನೆಟ್ ತೆಗೆದು ಗಟ್ಟಿಯಾಗಿ ಹಾಕಲು ಹೇಳು ಅಂದರೂ ಸಾಕಿತ್ತು.

"ನಿಧಾನಕ್ಕೆ ಹೋಗೋಕೆ ಹೇಳು," ಎಂದೆ.

"ನಿಧಾನ ಅಂತೆ," ಎಂದು ಅವಳು ಆಚೆ ಹೇಳಿದ್ದು ಕೇಳಿಸಿತು. ಯಜಮಾನರು ಜೋರಾಗಿ ನಕ್ಕರು. "ಏಯ್, ನಿನ್ ಗಂಡನ್ಗೆ ಯೋಳು, ಈ ಗಾಡಿ ಓಡ್ಸಿ ನಾನು ಮದ್ವೆಗಂಡು ಆದೋನು!" ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದರು. ಇಡ್ತೀನಿ ಎಂದು ಅವಳು ಫೋನ್ ಇಟ್ಟಳು.

ಆಗ ನಾನು ಓಡಿದೆ. ಪೂಜೆಯ ತಟ್ಟೆಯಿಂದ ಕೊಕ್ಕೆ, ಸ್ಪ್ಯಾನರ್ ಎರಡನ್ನೂ ಬಾಚಿ ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಹೂವು ನೆಲಕ್ಕೆ ಬಿತ್ತು. ರಸ್ತೆಯ ತುಂಬಾ ಒಡೆದ ಬೂದುಗುಂಬಳ. ಎರಡು ಕಡೆ ಸ್ಕೂಟರ್ ಜಾರಿ ಕಾಲು ಕೊಟ್ಟು ನಿಲ್ಲಿಸಿದೆ. ದೇವರೇ ಮನೆ ಸೇರಲಿ, ಮನೆ ಸೇರಲಿ ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಮೆಟ್ರೋ ಕಂಬಗಳ ಸಾಲು ಶುರುವಾದ ಮೇಲೆ ಒಂದು ಕಡೆ ರಸ್ತೆಯ ಮೇಲೆ ಚೆಂಡುಹೂ ಚೆಲ್ಲಿರುವುದು ಕಂಡಿತು. ಹಬ್ಬದ ದಿನ, ಎಲ್ಲ ಕಡೆಯೂ ಹೂವೇ ಇರುತ್ತದೆ ಎಂದುಕೊಂಡೆ. ಇನ್ನೂ ಸ್ವಲ್ಪ ಮುಂದೆ ಒಂದು ಬಾಳೆಕಂದು ಬಿದ್ದಿತ್ತು. ಅದರಾಚೆ ಜನ.

ಕಾರು ಮೆಟ್ರೋ ಕಂಬದ ಕಟ್ಟೆಗೆ ಒರಗಿ ನಿಂತಿತ್ತು. ಬಾನೆಟ್ ಹಿಂದಕ್ಕೆ ಮಡಚಿ ಗಾಜಿನೊಳಗೆ ನುಗ್ಗಿತ್ತು, ಹಿಂಜಿನ ಹತ್ತಿರ ತಗಡು ಹರಿದಿತ್ತು. ಯಜಮಾನರು ರಸ್ತೆಯ ಮೇಲೆ ಕೂತಿದ್ದರು, ಹಣೆಯಲ್ಲಿ ರಕ್ತ. ಕನ್ನಡಕ ಅವರ ಕಣ್ಣು ಉಳಿಸಿತ್ತು. ನನ್ನ ಹೆಂಡತಿ ಕನ್ನಡಕ ಹಾಕುವವಳಲ್ಲ. ಯಾರೋ ಹೆಂಗಸು ಅವಳ ಮುಖಕ್ಕೆ ದುಪಟ್ಟಾ ಒತ್ತಿ ಹಿಡಿದಿದ್ದಳು. ನನ್ನ ದನಿ ಕೇಳಿ ಹೆಂಡತಿ ಕೈ ಚಾಚಿ, "ರೀ, ನಿಮ್ಮ ಕಾರು ಹಾಳಾಗೋಯ್ತಾ?" ಎಂದು ಕೇಳಿದಳು.

ಎರಡು ಆಪರೇಷನ್ ಆಯಿತು. ಎಡಗಣ್ಣಿನ ಒಳಗೆ ಗಾಜಿನ ಚೂರು ಇಳಿದಿತ್ತು. ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಗೋಡೆಗೆ ತಲೆ ಚಚ್ಚಿಕೊಂಡೆ, ನರ್ಸುಗಳು ಹಿಡಿದು ಕೂರಿಸಿದರು. ಪಾಪ, ಹೆಂಡತಿ ಅಂದರೆ ಎಷ್ಟು ಪ್ರೀತಿ ಎಂದು ಅವರು ಮಾತಾಡಿಕೊಂಡರು. ದಿನಾ ಅವಳ ಮಂಚದ ಪಕ್ಕ ಕೂತು ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ನೋವಿನಲ್ಲಿದ್ದಾಳೆ ಎಂದು ಒಂದು ದಿನ ಬಿಟ್ಟೆ, ಮಲಗಿದ್ದಾಳೆ ಎಂದು ಒಂದು ದಿನ. ಮನೆಗೆ ಬಂದ ಮೇಲೆ ಚೇತರಿಸಿಕೊಳ್ಳಲಿ ಎಂದು ಬಿಟ್ಟೆ.

ಮೂರು ವಾರದ ಮೇಲೆ ಯಜಮಾನರು ಮನೆಗೆ ಬಂದರು. ಹಣ್ಣಿನ ಚೀಲ ಕೆಳಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ಅವಳ ಕಣ್ಣಿನ ಪಟ್ಟಿಯನ್ನು ನೋಡಲಾರದೆ ನೆಲ ನೋಡುತ್ತಿದ್ದರು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದರು.

"ಮೇಸ್ತ್ರಿ, ಕ್ರೇನಲ್ಲಿ ಗಾಡಿ ಎತ್ಕೊಂಡೋದೋನು ಒಂದ್ ಮಾತು ಯೋಳ್ದ. ಬಾನೆಟ್ಗೆ ಎರಡ್ನೇ ಲಾಕು ಅಂತ ಇರ್ತದಂತೆ. ಇದ್ರಲ್ಲಿ ಇರ್ನಿಲ್ವಂತೆ. ನಿಂಗೆ ಗೊತ್ತಿತ್ತೇನಪ್ಪಾ?"

ಈಗ ಹೇಳಿಬಿಡಬೇಕು ಎಂದುಕೊಂಡೆ, ನಿಜವಾಗಿಯೂ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಮಂಚದ ಮೇಲೆ ನೆಟ್ಟಗೆ ಎದ್ದು ಕೂತಳು.

"ಏನ್ ಮಾತು ಅಂತ ಆಡ್ತೀರಾ ಯಜಮಾನ್ರೇ? ಗೊತ್ತಿದ್ರೆ ಅದ್ರಲ್ಲಿ ನನ್ನ ಕೂರಿಸಿ ಕಳಿಸ್ತಿದ್ರಾ ಇವ್ರು? ಬಾಯಿ ಜೋರು, ಮುಂಗೋಪ, ಎಲ್ಲಾ ಇದೆ. ಆದ್ರೆ ಕಟ್ಟಿಕೊಂಡ ಹೆಂಡ್ತೀನ ಗೊತ್ತಿದ್ದೂ ಗೊತ್ತಿದ್ದೂ ಯಾರಾದ್ರೂ ಹಂಗೆ ಕಳಿಸ್ತಾರಾ?"

ಯಜಮಾನರ ಭುಜ ಇಳಿಯಿತು.

"ಅದೂ ದಿಟ ಕಣವ್ವಾ," ಎಂದರು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅನುಮಾನ ಪಟ್ಬುಟ್ಟೆ. ತೆಪ್ಪಾಯ್ತು, ಮನ್ಸಲ್ಲಿ ಇಟ್ಕೋಬ್ಯಾಡ."

"ಪರವಾಗಿಲ್ಲ ಬಿಡಿ ಯಜಮಾನ್ರೇ," ಎಂದೆ.